ನೋಂಕಿಪಾಳ ಮನೆಯ ತಲೆ ಎಣಿಕೆ

ಕಿನೋಟಿ ಹನ್ನೊಂದರ ತನಕ ಎಣಿಸುವಷ್ಟರಲ್ಲಿ ಸಭೆ ಅರ್ಧಕ್ಕರ್ಧ ಖಾಲಿಯಾಯಿತು. ಮುಂದೆ ಕೂತಿದ್ದ ಹೆಂಗಸರು ಮೊದಲು ಎದ್ದರು, ಅವರ ಹಿಂದೆ ಮುದುಕರು, ಮುದುಕರ ಹಿಂದೆ ನಾಯಿಗಳು. ಬೈಕಿನಲ್ಲಿ ಬಂದಿದ್ದ ಹುಡುಗರು ಬೈಕನ್ನು ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದರು. ಹನ್ನೆರಡನೆಯವನಾಗಬೇಕಿದ್ದ ಗಿಡ್ಡ ಮನುಷ್ಯನೊಬ್ಬ ತನ್ನ ಕಡೆ ಬರುತ್ತಿದ್ದ ಬೆರಳನ್ನು ನೋಡಿ, ಕೆಂಪು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಜಾಲಿಮರದ ಹಿಂದೆ ಅವಿತುಕೊಂಡ. ಮರ ಸಣ್ಣದು, ಅವನ ಹೊಟ್ಟೆ ದೊಡ್ಡದು. ಆದರೂ ತಾನು ಯಾರಿಗೂ ಕಾಣುತ್ತಿಲ್ಲವೆಂದು ಅವನು ನಂಬಿದ್ದ.

"ಏನಾಯ್ತು? ಯಾಕೆ ಓಡ್ತಿದ್ದಾರೆ ಎಲ್ಲ?" ಕಿನೋಟಿ ಬೆರಳನ್ನು ಹಾಗೇ ಚಾಚಿಕೊಂಡು ಕೇಳಿದ.

"ಮೊದ್ಲು ಆ ಬೆರಳು ಮಡಚಿ ಸಾಹೇಬ್ರೇ," ಎಂದ ಊರಿನ ಚೀಫ್ ಕೊಯಿಲೆಕೆನ್, ಸರ್ಕಾರಿ ಟೋಪಿಯನ್ನು ಸರಿಮಾಡಿಕೊಳ್ಳುತ್ತ. "ಬೆಳಗ್ಗೆಯೇ ಹೇಳಿದ್ನಲ್ಲ ನಿಮ್ಗೆ, ಎಣಿಸ್ಬೇಡಿ ಅಂತ."

"ನೀವು ಹೇಳಿದ್ದು, ಹುಷಾರಾಗಿ ಎಣಿಸಿ ಅಂತ."

"ನೈರೋಬಿಯಿಂದ ಬಂದೋರಿಗೆ ನೇರವಾಗಿ ಹೇಳೋಕಾಗ್ತದಾ? ಮರ್ಯಾದೆಗೆ ಹಂಗಂದೆ."

ನಾವು ದನ ಕಾಯುವ ಮಾಸಾಯಿ ಜನ; ನಮ್ಮಲ್ಲಿ ಜನರನ್ನು ಎಣಿಸುವುದಿಲ್ಲ. ದನವನ್ನೂ ಎಣಿಸುವುದಿಲ್ಲ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತ ಮಾಸಾಯಿಗೆ ತನ್ನ ದನವೆಲ್ಲ ಮುಖ ಪರಿಚಯ; ಯಾವುದು ಬಂದಿಲ್ಲವೆಂದು ತಿಳಿಯಲು ಅವನಿಗೆ ಲೆಕ್ಕ ಬೇಕಿಲ್ಲ, ಕಣ್ಣು ಸಾಕು. ಬಾಯಿಬಿಟ್ಟು ಎಣಿಸಿದರೆ ಅದನ್ನು ಯಾರೋ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡವರಿಗೆ, ಇಷ್ಟೊಂದು ಇವೆಯಲ್ಲ, ಒಂದೆರಡು ಕಡಿಮೆ ಮಾಡೋಣ ಎನ್ನಿಸುತ್ತದೆ. ಯಾರು ಅಂತ ನನ್ನನ್ನು ಕೇಳಬೇಡಿ, ನಾನೂ ಹೇಳುವುದಿಲ್ಲ. ದೂರದ ಮೇರು ಸೀಮೆಯಲ್ಲಿ ಹುಟ್ಟಿ ನೈರೋಬಿಯಲ್ಲಿ ಕಾನೂನು ಓದಿದ ಕಿನೋಟಿಗೆ ಇದನ್ನು ಯಾವ ಮೇಷ್ಟರೂ ಕಲಿಸಿರಲಿಲ್ಲ.

ವಿಷಯ ಗಾಳಿಯದು. ಒಂದು ಕಂಪನಿ ನಮ್ಮ ಸುಸ್ವಾ ಬೆಟ್ಟದ ಮಗ್ಗುಲಲ್ಲಿ ಮನೆಯಷ್ಟು ದೊಡ್ಡ ಫ್ಯಾನುಗಳನ್ನು ನಿಲ್ಲಿಸುತ್ತದಂತೆ. ಅವು ಗಾಳಿಯನ್ನು ಎಳೆದು, ಅದರಲ್ಲಿರುವ ಇಂಗಾಲವನ್ನು ಸೋಸಿ, ನೀರಿಗೆ ಬೆರೆಸಿ, ನೆಲದಾಳದ ಬಂಡೆಯೊಳಗೆ ಇಳಿಸುತ್ತವಂತೆ. ಅಲ್ಲಿ ಅದು ಕಲ್ಲಾಗುತ್ತದಂತೆ. ಭೂಮಿಯ ಬಿಸಿ ಇಳಿಯುತ್ತದಂತೆ. ಇಷ್ಟನ್ನೂ ನಡೆಸಲು ಬೇಕಾದ ಶಾಖ ಬೆಟ್ಟದ ಬಿರುಕುಗಳಿಂದ ಸದಾ ಏಳುತ್ತಿರುವ ಹಬೆಯದು. ಆದ್ದರಿಂದ ಹಬೆಯ ಸಾಲಿಗೆ ಸುತ್ತಲೂ ಬೇಲಿ. ಬೇಲಿಯೊಳಗೆ ಸಿಕ್ಕಿಬೀಳುವುದು ಒಂದೇ ಮನೆ, ನೋಂಕಿಪಾ ಅಜ್ಜಿಯದು. ಆಕೆ ಒಂದು ದೊಡ್ಡ ಬಿರುಕಿಗೆ ಕಲ್ಲು ಮಣ್ಣು ಮೆತ್ತಿ, ತಗಡಿನ ಕೊಳವೆ ಸಿಕ್ಕಿಸಿ, ತಣಿದ ಹಬೆ ತೊಟ್ಟು ತೊಟ್ಟಾಗಿ ಪೀಪಾಯಿಗೆ ಬೀಳುವಂತೆ ಮಾಡಿಕೊಂಡಿದ್ದಾಳೆ. ದಿನಕ್ಕೊಂದು ಪೀಪಾಯಿ ತುಂಬುತ್ತದೆ. ಅದು ಬಿಟ್ಟರೆ ನೀರಿಗೆ ಕತ್ತೆ ಹೊಡೆದುಕೊಂಡು ಹೋಗಿ ಬರುವುದು ಇಡೀ ದಿನದ ಕೆಲಸ. ಬೇಲಿ ಬಿದ್ದರೆ ಪೀಪಾಯಿ ಹೋಯಿತು. ಪೀಪಾಯಿ ಹೋದರೆ ಅವಳು ಅಲ್ಲಿ ಬದುಕುವಂತಿಲ್ಲ.

ಗಾಳಿ ಹಿಡಿಯುವವರಿಗಾಗಿ ಸರ್ಕಾರ ಹೊಸ ಕಾನೂನು ಮಾಡಿದೆ. ಒಳ್ಳೆಯ ಕಾನೂನೇ, ಬೈಯುವಂಥದ್ದಲ್ಲ. ಊರವರನ್ನು ಕೇಳದೆ ಬೇಲಿ ಹಾಕುವಂತಿಲ್ಲ. ಕೇಳಿದ್ದಕ್ಕೆ ಫಾರಂ ಇದೆ; ಅದನ್ನು ತುಂಬಿಕೊಂಡು ಹೋಗಲು ಸರ್ಕಾರ ಕಳಿಸಿದ ಲಾಯರೇ ಕಿನೋಟಿ. ಮೊದಲ ಪುಟದಲ್ಲಿ, ಸಭೆಗೆ ಎಷ್ಟು ಜನ ಬಂದರು, ಬೇಕೆಂದವರೆಷ್ಟು, ಬೇಡವೆಂದವರೆಷ್ಟು. ಎರಡನೆಯ ಪುಟ ಬೇಲಿಯೊಳಗಿನ ಮನೆಗೆ: ಮನೆಯಲ್ಲಿ ಎಷ್ಟು ಜನ, ಅವರ ಒಪ್ಪಿಗೆ ಉಂಟೋ ಇಲ್ಲವೋ. ಎರಡೂ ಪುಟದಲ್ಲಿ ಬೇಡವೆಂದು ಬಂದರೆ ಬೇಲಿ ಬೇರೆ ಕಡೆ ಸರಿಯಬೇಕು. ಆದರೆ ಅಂಕಿ ಇಲ್ಲದ ಪುಟವನ್ನು ನೈರೋಬಿಯ ಸಮಿತಿ ಓದುವುದಿಲ್ಲ. ಮೂರು ಸಭೆ ಕಳೆದರೂ ಅಂಕಿ ಬಾರದಿದ್ದರೆ, ಯಾರದೂ ತಕರಾರಿಲ್ಲ ಎಂದು ಬರೆದುಕೊಳ್ಳುತ್ತದೆ. ಮೊದಲನೆಯ ಸಭೆ, ಸಿಂಹಿಣಿ ಬಂತೆಂದು ಯಾರೋ ಕೂಗಿದ್ದರಿಂದ ಮುರಿದುಬಿತ್ತು. ಎರಡನೆಯದು, ಕಂಪನಿ ಕೊಟ್ಟ ಹೋತದ ತೊಡೆ ಯಾರ ಪಾಲಿಗೆ ಎಂಬಲ್ಲಿ. ಇದು ಮೂರನೆಯದು.

ಚೀಫ್ ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡ ಮೇಲೆ ಜನ ಒಬ್ಬೊಬ್ಬರಾಗಿ ಮರಳಿದರು. ಬೆರಳು ತೋರಿಸುವುದಿಲ್ಲವೆಂದು ಕಿನೋಟಿ ಎರಡೂ ಕೈಯನ್ನು ಜೇಬಿಗೆ ತುರುಕಿ ತೋರಿಸಬೇಕಾಯಿತು. ಆಗ ಹಿರಿಯ ಮೈತಾಮೆ ತನ್ನ ದೊಣ್ಣೆ ಹಿಡಿದು ಎದ್ದ. ದೊಣ್ಣೆ ಹಿಡಿದವನು ಮಾತಾಡುವಾಗ ಮಿಕ್ಕವರು ಸುಮ್ಮನಿರಬೇಕು. ಮೈತಾಮೆ ಆ ದೊಣ್ಣೆಯನ್ನು ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

"ಕಂಪನಿ ಅಪ್ಪ," ಎಂದ ಅವನು, ಕಪ್ಪು ಕನ್ನಡಕ ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದ ಕಂಪನಿಯ ಪ್ರತಿನಿಧಿ ಡೆರಿಕ್‌ನನ್ನು ನೋಡಿ. "ಬೆಳಗ್ಗೆ ಗಾಳಿ ನಾರೋಕ್ ಕಡೆಯಿಂದ ಬತ್ತದೆ. ಮಧ್ಯಾಹ್ನ ನಮ್ ಕಡೆಯಿಂದ ಅವರ ಕಡೆಗೋಯ್ತದೆ. ಬೆಳಗ್ಗೆ ನೀನು ಹಿಡಿಯೋದು ಅವರ ಗಾಳಿ ತಾನೆ? ನಮ್ ಗಾಳಿ ಕದ್ರು ಅಂತ ಅವ್ರು ಈಟಿ ಹಿಡ್ಕೊಂಡು ಬಂದ್ರೆ ಮುಂದೆ ನಿಂತ್ಕೋಳೋರ್ಯಾರು, ನೀನಾ?"

"ಗಾಳಿ ಯಾರದೂ ಅಲ್ಲ ತಾತ. ಇಡೀ ಪ್ರಪಂಚದ್ದು."

"ಹಂಗಾದ್ರೆ ಪ್ರಪಂಚದ ಅಂಗ್ಳದಲ್ಲಿ ಹಾಕು ನಿನ್ ಫ್ಯಾನು. ನೋಂಕಿಪಾ ಅಂಗ್ಳನೇ ಯಾಕೆ ಬೇಕು?"

ಬೋರಲು ಹಾಕಿದ ನೀರಿನ ಕ್ಯಾನಿನ ಮೇಲೆ ಕೂತು ನಶ್ಯ ಏರಿಸುತ್ತಿದ್ದ ನೋಂಕಿಪಾ ಆಗ ಬಾಯಿ ತೆರೆದಳು. "ಅವ್ನ್ಗೆ ಗಾಳೀಲಿ ಕಲ್ಲು ಮಾಡ್ಬೇಕಂತೆ ಕಣೋ ಮೈತಾಮೆ. ಪಾಪ, ನಮ್ ಸೀಮೇಲಿ ಕಲ್ಲು ಕಡಿಮೆ ನೋಡು."

ಸುತ್ತ ಕಣ್ಣು ಹಾಯುವಷ್ಟು ದೂರ ಕರಿಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೆರಿಕ್ ಕೂಡ ನಕ್ಕ, ಅವನಿಗೆ ಅವಸರವಿರಲಿಲ್ಲ. ಸಭೆ ನಗುತ್ತ ನಗುತ್ತ ಸಂಜೆಯಾಗಿ ಮುಗಿದುಹೋದರೂ ಅವನ ಕೆಲಸ ಆದಂತೆಯೇ.

ಕಿನೋಟಿಗೆ ಅದು ಗೊತ್ತಿತ್ತು. "ನೀವು ಬೇಡ ಅಂತಿರೋದು ನಂಗೆ ಕೇಳಿಸ್ತಿದೆ," ಎಂದ ಗಟ್ಟಿಯಾಗಿ. "ನೈರೋಬಿಗೆ ಕೇಳಿಸ್ಬೇಕಲ್ಲ? ಇವತ್ತು ಅಂಕಿ ಬರೀದೆ ಹೋದ್ರೆ ನಾಳೆ ಬೇಲಿ ಬರುತ್ತೆ. ಅಜ್ಜಿಯ ಪೀಪಾಯಿ ಬೇಲಿ ಒಳಗೆ, ಅಜ್ಜಿ ಬೇಲಿ ಹೊರಗೆ."

"ಮುಖ ನೋಡ್ಕೊಂಡು ಹೋಗಪ್ಪ," ಎಂದ ಮೈತಾಮೆ. "ಒಬ್ಬೊಬ್ಬರದ್ದೂ ನೋಡ್ಕೋ. ಹೋಗಿ ಹೇಳು, ಎಲ್ರ ಮುಖಾನೂ ಸಿಟ್ಟಾಗಿತ್ತು ಅಂತ."

"ಮುಖ ಬರಿಯೋಕೆ ಫಾರಂನಲ್ಲಿ ಜಾಗ ಇಲ್ಲ ತಾತ."

"ಎಂಥಾ ಬಡ ಫಾರಮ್ಮೋ!"

ಕಿನೋಟಿ ಸೋತು ಒಂದು ಕಲ್ಲಿನ ಮೇಲೆ ಕೂತ. ಬೆಳಗ್ಗೆಯಿಂದ ಅವನ ಬೂಟಿನೊಳಗೆ ಜಾಲಿಮುಳ್ಳೊಂದು ಆಟವಾಡುತ್ತಿತ್ತು. ಬೂಟು ಕಳಚಿ ಕೊಡವಿದ. ಪಾಲಿಶ್ ಹಾಕಿ ಮಿರಿಮಿರಿ ಮಿಂಚುತ್ತಿದ್ದ ಆ ಬೂಟನ್ನು ಮೈತಾಮೆ ಕಣ್ಣು ಕಿರಿದು ಮಾಡಿಕೊಂಡು ನೋಡಿದ, ಹಾಗೇ ತನ್ನ ಕಾಲಿನ ಟೈರಿನ ಚಪ್ಪಲಿಯನ್ನೂ ನೋಡಿದ.

"ಲಾಯರಪ್ಪ," ಎಂದ. "ಚಪ್ಪಲಿ ಎಣಿಸಿದ್ರೆ ನಿನ್ ಸರ್ಕಾರಕ್ಕೆ ಆಗ್ತದಾ?"

ಕಿನೋಟಿ ಬೂಟು ಕೈಯಲ್ಲಿ ಹಿಡಿದುಕೊಂಡೇ ತಲೆ ಎತ್ತಿದ.

"ಚಪ್ಪಲಿ ಎಣಿಸೋಕೆ ನಮ್ಮದೇನೂ ಅಡ್ಡಿ ಇಲ್ಲ," ಎಂದ ಮೈತಾಮೆ. "ಕೇಳ್ಸಿಕೊಂಡೋರು ಎತ್ಕೊಂಡೋದ್ರೆ ಎತ್ಕೊಂಡೋಗ್ಲಿ, ಸಂತೇಲಿ ಇನ್ನೊಂದು ಸಿಗ್ತದೆ."

ಡೆರಿಕ್ ಕುರ್ಚಿಯಿಂದ ಎದ್ದುಬಿಟ್ಟ. "ಸಾರ್, ಇದು ತಮಾಷೆ ಅಲ್ಲ! ಅಂತಾರಾಷ್ಟ್ರೀಯ ಯೋಜನೆ ಇದು. ಚಪ್ಪಲಿಗೆಲ್ಲ ಓಟು ಕೊಡ್ತೀರಾ?"

ಕಿನೋಟಿ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕಾಲುಚೀಲವಿಟ್ಟುಕೊಂಡೇ ನಿಯಮಗಳ ಪುಸ್ತಕ ತಿರುವಿದ. ಆಯಾ ಸಮುದಾಯದ ರೂಢಿಗೆ ಅನುಗುಣವಾದ ವಿಧಾನದಿಂದ ಎಣಿಸತಕ್ಕದ್ದು, ಎಂದಿತ್ತು. ಅವನ ಮುಖ ಅರಳಿತು.

"ತಾತ, ಇದು ನಿಮ್ಮ ರೂಢೀನಾ?"

"ಹಿರೀಕರ ಕಾಲದಿಂದ," ಎಂದ ಮೈತಾಮೆ, ಕಣ್ಣು ಮಿಟುಕಿಸದೆ.

"ಹಿರೀಕರ ಕಾಲದಲ್ಲಿ ಕಾರೇ ಇರ್ಲಿಲ್ಲ," ಡೆರಿಕ್ ಕೂಗಿದ. "ಟೈರಿನ ಚಪ್ಪಲಿ ಎಲ್ಲಿಂದ ಬಂತು?"

"ಅದಕ್ಕೇ ಅವ್ರು ಎಣಿಸ್ತಿರ್ಲಿಲ್ಲ."

ಬೇಕೆನ್ನುವವರು ಬಂಡೆಯ ಬಳಿ, ಬೇಡವೆನ್ನುವವರು ಮರದ ಬಳಿ, ಎಡಗಾಲಿನದು ಮಾತ್ರ ಇಡಬೇಕೆಂದು ತೀರ್ಮಾನವಾಯಿತು. ಆಮೇಲೆ ನಡೆದದ್ದನ್ನು ಏನು ಹೇಳಲಿ! ಟೈರಿನವು, ಪ್ಲಾಸ್ಟಿಕ್ಕಿನವು, ಮಣಿ ಹೊಲಿದವು, ಹುಡುಗರ ಬಣ್ಣದ ಬೂಟುಗಳು ಮರದ ಬುಡದಲ್ಲಿ ರಾಶಿ ಬಿದ್ದವು. ಮರದ ಹಿಂದೆ ಅವಿತಿದ್ದ ಗಿಡ್ಡ ಮನುಷ್ಯ ಬಗಲಿನಿಂದ ಹೆಂಡತಿಯ ಚಪ್ಪಲಿಯೊಂದನ್ನೂ ತೆಗೆದಿಟ್ಟ. ಅವಳು ಬಂದಿಲ್ಲವಲ್ಲ ಎಂದು ಕಿನೋಟಿ ಆಕ್ಷೇಪಿಸಿದ. "ಅವಳು ಸಿಟ್ಟು ಬಂದಾಗ ನನ್ನ ಕಡೆ ಎಸೆದಿದ್ದು ಇದನ್ನೇ ಸಾಹೇಬ್ರೇ, ಅವಳ ಅಭಿಪ್ರಾಯ ಇದರಲ್ಲೇ ಇದೆ," ಎಂದು ಅವನು ವಾದಿಸಿದ. ಆದರೂ ಅದನ್ನು ಹಿಂದಕ್ಕೆ ಕೊಡಲಾಯಿತು. ನಾಯಿಯೊಂದು ಬೇಡವೆನ್ನುವವರ ಚಪ್ಪಲಿಯೊಂದನ್ನು ಕಚ್ಚಿಕೊಂಡು ಬಂಡೆಯ ಕಡೆ ಓಡಿತು. ಅದು ಕಂಪನಿಯ ನಾಯಿಯೆಂದು ಕೂಗೆದ್ದಿತು. ಚೀಫ್ ಮಾತ್ರ ಸರ್ಕಾರಿ ಬೂಟಿನ ದಾರವನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡು ನಡುವೆ ನಿಂತಿದ್ದ.

ಮರದ ಬಳಿ ನೂರ ಮೂವತ್ತೊಂದು, ಬಂಡೆಯ ಬಳಿ ಆರು. ಆ ಆರರಲ್ಲಿ ಐದು, ಬೇಲಿ ಕಾಯುವ ಕೆಲಸದ ಮಾತು ಪಡೆದವರದು. ಆರನೆಯದನ್ನು ನಾಯಿ ತಂದದ್ದೆಂದು ಕಿನೋಟಿ ತೆಗೆದು ಮರದ ಕಡೆಗೇ ಸೇರಿಸಿದ. ಮೊದಲ ಪುಟ ತುಂಬಿತು. ಟೈರಿನ ಚಪ್ಪಲಿಗಳೆಲ್ಲ ಒಂದೇ ತರಹ ಇರುವುದರಿಂದ ಬಹಳಷ್ಟು ಜನ ಯಾರ ಯಾರದೋ ಎಡಗಾಲಿನದನ್ನು ಮೆಟ್ಟಿಕೊಂಡು ಮನೆಗೆ ಹೋದರು. ಅದರ ಜಗಳ ಇನ್ನೂ ಮುಗಿದಿಲ್ಲ.

"ಎರಡನೇ ಪುಟ ಇದೆ," ಎಂದ ಡೆರಿಕ್, ಕನ್ನಡಕ ಒರೆಸಿಕೊಳ್ಳುತ್ತ. "ಅದನ್ನ ಆ ಮನೆಯಲ್ಲೇ ಕೂತು ತುಂಬ್ಬೇಕು. ಅದಿಲ್ದೆ ಇದಕ್ಕೆ ಬೆಲೆ ಇಲ್ಲ."

ನೋಂಕಿಪಾ ಆಗಲೇ ಜಾಗ ಖಾಲಿ ಮಾಡಿದ್ದಳು.

ಅವಳ ಗುಡಿಸಲು ಕರಿಬಂಡೆಗಳ ನಡುವೆ ಇತ್ತು. ಬಿರುಕಿನಿಂದ ಹೊರಟ ಕೊಳವೆ ಓರೆಯಾಗಿ ಇಳಿದು ಪೀಪಾಯಿಯ ಬಾಯಿಗೆ ಬಂದಿತ್ತು. ತುದಿಯಿಂದ ಹನಿ ಬೀಳುತ್ತಿತ್ತು. ಕಿನೋಟಿ, ಡೆರಿಕ್, ಚೀಫ್ ಮೂವರೂ ಬಂದು ಕೂರುವಷ್ಟರಲ್ಲಿ ಅಜ್ಜಿ ಹಾಲು ಸಕ್ಕರೆ ಸುರಿದ ಚಹಾ ಮುಂದಿಟ್ಟಳು. ಮನೆಯಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ.

"ಅಜ್ಜಿ, ಮನೇಲಿ ಎಷ್ಟು..."

"ಚಾ ಕುಡಿ, ಆರ್ತದೆ."

ಕಿನೋಟಿ ಕುಡಿದ. "ಎಷ್ಟು ಜನ ಅಂತ ಕೇಳಲ್ಲ. ದಿನಾ ಎಷ್ಟು ಲೋಟ ಚಾ ಮಾಡ್ತೀರಿ?"

"ಪಾತ್ರೆ ತುಂಬ."

"ಪಾತ್ರೆ ಎಷ್ಟು ದೊಡ್ಡದು?"

"ಚಾ ಹಿಡಿಸೋವಷ್ಟು."

"ರಾತ್ರಿ ಎಷ್ಟು ಜನ ಮಲಗ್ತೀರಿ ಇಲ್ಲಿ?"

"ನಿದ್ದೆ ಬಂದೋರೆಲ್ಲ."

"ಚಪ್ಪಲಿ?"

"ನಮ್ಮನೇಲಿ ಬರಿಗಾಲು. ಆ ಉಪಾಯ ಇಲ್ಲಿ ನಡಿಯಕಿಲ್ಲ ಮಗ, ಸುಮ್ಕೆ ಒದ್ದಾಡ್ಬೇಡ."

ಡೆರಿಕ್ ಗಡಿಯಾರ ನೋಡಿದ. "ಬಿಡಿ ಸಾರ್, ಖಾಲಿ ಬಿಟ್ಟು ಸಹಿ ಹಾಕಿ. ಖಾಲಿ ಅಂದ್ರೆ ಮನೇಲಿ ಯಾರೂ ವಾಸ ಇಲ್ಲ ಅಂತ ಅರ್ಥ, ನಿಯಮದಲ್ಲೇ ಇದೆ."

ಕಿನೋಟಿಗೆ ಬೆಳಗ್ಗೆಯಿಂದ ಬಾರದ ಸಿಟ್ಟು ಈಗ ನೆತ್ತಿಗೇರಿತು. "ನಿಮ್ಮ ಕೈಲಿರೋ ಚಾ ಯಾರು ಕೊಟ್ರು ಮತ್ತೆ? ಯಾರೂ ಇಲ್ಲದ ಮನೇಲಿ ಅದೇ ಕುದ್ದು ಅದೇ ಸೋಸಿಕೊಂಡು ಬಂತಾ?"

ಡೆರಿಕ್ ಲೋಟ ಕೆಳಗಿಟ್ಟ. ಕಿನೋಟಿ ಪೆನ್ನು ತೆಗೆದ. "ಅಜ್ಜಿ, ನಾನೇ ಏನೋ ಒಂದು ಅಂಕಿ ಹಾಕ್ತೀನಿ. ನಿಮ್ಮ ಬಾಯಿಂದ ಬರೋದು ಬೇಡ."

ಅವನು ಗೆರೆ ಎಳೆಯುವ ಮೊದಲೇ ನೋಂಕಿಪಾ ಅವನ ಮಣಿಕಟ್ಟು ಹಿಡಿದುಕೊಂಡಳು. ಮುದುಕಿಯ ಹಿಡಿತ ಅಷ್ಟು ಬಿಗಿಯಾಗಿರುತ್ತದೆಂದು ಅವನು ಎಣಿಸಿರಲಿಲ್ಲ.

"ಹಂಗೆಲ್ಲ ಸುಮ್ ಸುಮ್ಕೆ ಬರೀಬಾರ್ದು," ಎಂದಳು. "ಜನಗಣತಿಯೋನು ಬಂದಿದ್ದ ಒಂದ್ಸಲ. ನಂಗೆ ಇನ್ನೂ ಹಲ್ಲೆಲ್ಲ ಇದ್ದ ಕಾಲ. ಬಿಳೀ ಅಂಗಿ, ದೊಡ್ಡ ಪುಸ್ತಕ. ಮಕ್ಕಳೆಷ್ಟಮ್ಮಾ ಅಂದ. ನಂಗೆ ಜಂಬ. ಇಷ್ಟು ಅಂದೆ."

ಅವನ ಕೈ ಬಿಟ್ಟು, ತನ್ನ ಎರಡೂ ಕೈಯ ಬೆರಳುಗಳನ್ನು ಬಿಡಿಸಿ ಹಿಡಿದಳು. ಚೀಫ್ ಚಕ್ಕನೆ ಕಣ್ಣು ತಗ್ಗಿಸಿದ.

"ಮುಂದಿನ ಮಳೆಗೆ ದಡಾರ ಬಂತು." ಎರಡು ಬೆರಳು ನಿಧಾನವಾಗಿ ಮಡಚಿಕೊಂಡವು. "ದಡಾರ ಊರಿಗೆಲ್ಲ ಬಂದಿತ್ತು ಕಣೇ, ನೀನು ಹೇಳಿದ್ದಕ್ಕಲ್ಲ ಅಂದ್ರು ಎಲ್ರೂ. ಇರಬಹುದು. ಬಾಯಿ ಮಾತ್ರ ನಂದು."

ಕಿನೋಟಿಗೆ ಊರಿನಲ್ಲಿರುವ ತನ್ನ ಹೆಂಡತಿ ಮಕ್ಕಳು ನೆನಪಾಗಿ, ಎಷ್ಟು ಜನರಿಗೆ ಎಷ್ಟು ಸಲ ಅವರ ಲೆಕ್ಕ ಹೇಳಿದ್ದೇನೋ ಎಂದು ಒಂದು ಗಳಿಗೆ ಹೆದರಿಕೆಯೂ ಆಯಿತು. ಕಾನೂನು ಓದಿದವನು ಹೀಗೆ ಹೆದರಬಾರದೆಂದು ಫಾರಮ್ಮನ್ನು ಮುಚ್ಚಿದ.

"ಮುಚ್ಚಬ್ಯಾಡ," ಎಂದಳು ನೋಂಕಿಪಾ. "ಮುಚ್ಚಿದ್ರೆ ನೀರು ಹೋಯ್ತದೆ ತಾನೆ?"

"ಹೋಗುತ್ತೆ ಅಜ್ಜಿ."

ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು. ಹೊದಿಕೆಯನ್ನು ಸರಿಮಾಡಿಕೊಂಡಳು, ಕೊರಳಿನ ಮಣಿಸರಗಳನ್ನು ಮುಂದಕ್ಕೆ ಎಳೆದುಕೊಂಡಳು, ಫೋಟೋಗೆ ನಿಂತವಳಂತೆ ಪೀಪಾಯಿಯ ಪಕ್ಕ ನೆಟ್ಟಗೆ ನಿಂತಳು.

"ಬರ್ಕೋ. ಒಂದು."

"ಒಂದು ಅಂದ್ರೆ?"

"ನಾನು. ಈ ಮನೇಲಿ ಇನ್ಯಾರೂ ಇಲ್ಲ. ಬೆರಳು ತೋರ್ಸಿ ಎಣಿಸು ನನ್ನ. ಗಟ್ಟಿಯಾಗಿ ಎಣಿಸು. ಕೇಳ್ಸಿಕೊಳ್ಳೋರು ಸರಿಯಾಗಿ ಕೇಳಿಸ್ಕೊಂಡು, ಯಾರನ್ನ ಅಂತ ನೋಡ್ಕೊಂಡು ಹೋಗ್ಲಿ."

"ಬ್ಯಾಡ ಕಣಜ್ಜೀ," ಎಂದ ಚೀಫ್.

"ನೀನು ಸುಮ್ಕಿರೋ ಸರ್ಕಾರದ ಟೋಪಿ. ಬದುಕಿದ್ದು ಸಾಕಷ್ಟಾಗಿದೆ, ನೀನು ನನ್ನ ತಂಟೆಗೆ ಬರ್ಬ್ಯಾಡ."

ಕಿನೋಟಿ ಬೆರಳೆತ್ತಿದ, ಇಳಿಸಿದ, ಮತ್ತೆ ಎತ್ತಿದ. "ಒಂದು," ಎಂದ.

"ಮೇಕೆಗೂ ಕೇಳಿಸ್ಲಿಲ್ಲ ಅದು. ಗಟ್ಟಿಯಾಗಿ!"

"ಒಂದು!"

ನೋಂಕಿಪಾ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ತೆರೆದಳು. "ಆಯ್ತಾ?"

"ಆಯ್ತು."

"ನಿಂತಿದ್ದೀನಾ ಇನ್ನೂ?"

"ನಿಂತಿದ್ದೀರಿ ಅಜ್ಜಿ."

"ಹಂಗಾದ್ರೆ ಅದ್ಯಾವುದೋ ಒಪ್ಪಿಗೆ ಅಂದ್ಯಲ್ಲ, ಅದಕ್ಕೆ ಇಲ್ಲ ಅಂತ ಬರಿ. ದಪ್ಪಗೆ ಬರಿ." ಮಸಿ ಹಚ್ಚಿದ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿದಳು. ಒತ್ತಿದ ರಭಸಕ್ಕೆ ಅಡಿಯ ಹಾಳೆಗೂ ಮಸಿ ಇಳಿಯಿತು.

ಡೆರಿಕ್ ಬಿಡಲಿಲ್ಲ. ಮುಳ್ಳುಬೇಲಿಯ ಮೇಲೆ ಒಣಹಾಕಿದ್ದ ಚಿಕ್ಕ ಚಿಕ್ಕ ಅಂಗಿಗಳ ಕಡೆ ಕೈ ತೋರಿಸಿದ. "ಒಬ್ಳೇ ಮುದುಕಿ ಅಂತ ಬರ್ಕೊಂಡ್ರಲ್ಲ ಸಾರ್, ಇವೆಲ್ಲ ಯಾರ ಅಂಗಿ?"

"ನಂದೇ," ಎಂದಳು ನೋಂಕಿಪಾ. "ಒಗೆದಾಗ ಕುಗ್ಗಿದ್ವು. ಬೇಕಾದ್ರೆ ತಗೊಂಡೋಗು, ನಿಂಗೆ ಸರಿಯಾಗ್ತದೆ."

"ಮನೆಯ ಯಜಮಾನರು ಹೇಳಿದ ಅಂಕಿಯೇ ಅಂತಿಮ," ಎಂದ ಕಿನೋಟಿ, ಪುಸ್ತಕ ತೆರೆಯದೆಯೇ. ಅಂಥ ನಿಯಮವಿತ್ತೋ ಇಲ್ಲವೋ, ಡೆರಿಕ್‌ಗೂ ಗೊತ್ತಿರಲಿಲ್ಲ. ಅವನು ದೂಳೆಬ್ಬಿಸಿಕೊಂಡು ಕಾರಿನ ಬಳಿ ನಡೆದ, ಬಾಗಿಲು ಧಡಾರನೆ ಹಾಕಿಕೊಂಡು ಹೊರಟುಹೋದ.

ಕಾರಿನ ಸದ್ದು ಅಡಗುವವರೆಗೆ ಹೊರಗೆ ಬರಬೇಡಿರೆಂದು ನೋಂಕಿಪಾ ಮೊಮ್ಮಕ್ಕಳಿಗೆ ಹೇಳಿ ಬಂಡೆಗಳ ಹಿಂದೆ ಅಡಗಿಸಿದ್ದಳು. ಕಾರಿನ ಸದ್ದು ಅಡಗಿತು. ಸಾಹೇಬ ಚೀಫನ ಬೈಕಿನಲ್ಲಿ ಹೋಗುವವನು, ಇನ್ನೂ ಅಂಗಳದಲ್ಲೇ ಇದ್ದಾನೆಂದು ಅವರಿಗೆ ಯಾರು ಹೇಳಬೇಕು? ಕರಿಬಂಡೆಗಳ ಸಂದಿಯಿಂದ ಖಾಲಿ ಕ್ಯಾನುಗಳ ಢಣಢಣ ಕೇಳಿಬಂತು. ಯಾರೋ ಯಾರನ್ನೋ ನೂಕಿದರು, ಯಾರೋ ಕಿಸಕ್ಕನೆ ನಕ್ಕರು, ಚಿಕ್ಕದೊಂದು ದನಿ ನಂಗೂ ಕೊಡೇ ಎಂದು ಅಳತೊಡಗಿತು. ನೋಂಕಿಪಾ ಲೋಟ ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿದ ಹಾಗೇ ನಿಂತಳು.

ಕಿನೋಟಿ ಫಾರಮ್ಮನ್ನು ಬೆನ್ನ ಹಿಂದೆ ಹಿಡಿದುಕೊಂಡು ಬೆಟ್ಟದ ಕಡೆ ತಿರುಗಿ ನಿಂತ. ಬೆಟ್ಟದ ಮೇಲೆ ನೋಡುವಂಥದ್ದೇನೂ ಇರಲಿಲ್ಲ. ಹಿಂದೆ ಬರಿಗಾಲುಗಳು ಒಂದರ ಹಿಂದೊಂದು ಬಂದವು, ಪೀಪಾಯಿಯಿಂದ ನೀರು ಮೊಗೆಯುವ ಸದ್ದಾಯಿತು, ಕ್ಯಾನುಗಳು ತುಂಬಿದವು, ಕಾಲುಗಳು ಮನೆಯೊಳಗೆ ಹೋದವು. ಆಮೇಲೂ ಅವನು ತಿರುಗಲಿಲ್ಲ. ಚೀಫ್ ಬಂದು, ಹೊರಡೋಣ ಸಾಹೇಬ್ರೇ ಎಂದು ತೋಳು ಮುಟ್ಟುವವರೆಗೂ ಹಾಗೇ ನಿಂತಿದ್ದ.